ಚಂದ್ರ ಬರುವ ತನಕ

(ಒಂದು ಸಂಕಷ್ಟಿಯ ಸಂಜೆ, ನಮ್ಮ ಬಡಾವಣೆಯ ಗಣಪತಿ ದೇವಸ್ಥಾನದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಪೂಜೆ ಮುಗಿದಿತ್ತು, ಚಂದ್ರೋದಯಕ್ಕೆ ಇನ್ನೂ ಹೊತ್ತಿತ್ತು. ಮಾತಿನ ಓಟ ಕೆಡದ ಹಾಗೆ ಅಲ್ಲಲ್ಲಿ ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಎಂಟೂಕಾಲು. ಇವತ್ತಿನ ಚಂದ್ರೋದಯ 8 ಗಂಟೆ 52 ನಿಮಿಷಕ್ಕೆ ಅಂತ ಹೊರಗಿನ ಬೋರ್ಡಿನಲ್ಲಿ ಬರೆದಿದ್ದಾರೆ. ನನಗೆ ಸಿಕ್ಕಿರುವುದು ಅರ್ಧ ಗಂಟೆ ಚಿಲ್ಲರೆ. ಇಲ್ಲಿ ಕೂತಿರುವವರಲ್ಲಿ ತುಂಬಾ ಜನ ಬೆಳಿಗ್ಗೆಯಿಂದ ಊಟ ಮಾಡಿಲ್ಲ. ನಾನೂ ಮಾಡಿಲ್ಲ. ಹಸಿದವರ ಜೊತೆ ಹಸಿದವಳೊಬ್ಬಳು ಕೂತು ಮಾತಾಡುವುದು ನನಗೆ ಖುಷಿ ಕೊಡುತ್ತದೆ, ಯಾಕೆಂದರೆ ಇದು ನಾವೆಲ್ಲ ಒಟ್ಟಿಗೆ ಕಾಯುತ್ತಿರುವ ಹೊತ್ತು.

ಸಂಜೆ ಒಳಗೆ ಬರುವಾಗ ಒಬ್ಬ ಹುಡುಗಿ ಕೇಳಿದಳು: "ಆಂಟಿ, ನಾನು ಇದೇ ಮೊದಲ ಸಲ ಸಂಕಷ್ಟಿ ಮಾಡ್ತಿರೋದು. ಏನು ತಿನ್ನಬಹುದು, ಏನು ತಿನ್ನಬಾರದು?" ಹೊಸದಾಗಿ ಹಿಡಿಯುವವರೆಲ್ಲ ಮೊದಲು ಕೇಳುವುದು ಇದನ್ನೇ. ಕೇಳಬೇಕಾದ್ದೇ. ಆದರೆ ಇಷ್ಟು ವರ್ಷ ಮಾಡಿದ ಮೇಲೆ ನನಗೆ ಅನ್ನಿಸುವುದು, ಸಂಕಷ್ಟಿಯ ಜೀವ ಇರುವುದು ತಿನ್ನುವುದರಲ್ಲೂ ಅಲ್ಲ, ಬಿಡುವುದರಲ್ಲೂ ಅಲ್ಲ. ಕಾಯುವುದರಲ್ಲಿ. ಬೇರೆ ಯಾವ ತಿಂಗಳ ವ್ರತದಲ್ಲೂ ನಾವು ಹೀಗೆ ಆಕಾಶದ ಕಡೆ ಮುಖ ಮಾಡಿ ಕಾಯುವುದಿಲ್ಲ. ಏಕಾದಶಿ ತಗೊಳ್ಳಿ. ತಿಂಗಳಿಗೆ ಎರಡು ಬರುತ್ತದೆ. ಇಡೀ ದಿನ ಉಪವಾಸ ಇದ್ದು ಮಾರನೇ ದಿನ ದ್ವಾದಶಿಯ ಬೆಳಿಗ್ಗೆ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಪ್ರದೋಷದ ಪೂಜೆ ಸೂರ್ಯ ಮುಳುಗುವ ಹೊತ್ತಿನದ್ದು. ಸಂಕಷ್ಟಿ ಮಾತ್ರ ಚಂದ್ರ ಕಣ್ಣಿಗೆ ಬೀಳುವ ತನಕ ಮುಗಿಯುವುದಿಲ್ಲ.

ಮೊದಲು ದಿನದ ಲೆಕ್ಕ ಹೇಳಿಬಿಡುತ್ತೇನೆ. ಹುಣ್ಣಿಮೆ ಆದ ನಾಲ್ಕನೇ ತಿಥಿ, ಬಹುಳ ಚೌತಿ, ಅದೇ ಸಂಕಷ್ಟಹರ ಚತುರ್ಥಿ. ನಮ್ಮ ಬಾಯಲ್ಲಿ ಸಂಕಷ್ಟಿ. ಅಮಾವಾಸ್ಯೆ ಆದ ಮೇಲೆ ಬರುವ ಶುದ್ಧ ಚೌತಿ ವಿನಾಯಕ ಚತುರ್ಥಿ, ಅದು ಬೇರೆ. ತಿಥಿ ಅಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋಗಲು ತಗೊಳ್ಳುವ ಹೊತ್ತು. ಚಂದ್ರನ ಓಟ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೇ ಮುಗಿಯಬಹುದು, ಇಲ್ಲಾ 27 ಗಂಟೆಯ ಹತ್ತಿರ ಎಳೆಯಬಹುದು. ಅದಕ್ಕೇ ತಿಥಿ ನಮ್ಮ ಗಡಿಯಾರದ ದಿನಕ್ಕೆ ಸರಿಯಾಗಿ ಕೂರುವುದಿಲ್ಲ.

ಇಲ್ಲೇ ತುಂಬಾ ಜನಕ್ಕೆ ಗೊಂದಲ. ಬೆಳಿಗ್ಗೆ ಕ್ಯಾಲೆಂಡರ್ ನೋಡಿದರೆ ತದಿಗೆ ಅಂತ ಇರುತ್ತದೆ, ಪಕ್ಕದಲ್ಲೇ ಸಂಕಷ್ಟಿ ಅಂತಲೂ ಇರುತ್ತದೆ. ಪ್ರಿಂಟ್ ತಪ್ಪಿದೆಯೇನೋ ಅಂದುಕೊಳ್ಳುತ್ತಾರೆ. ತಪ್ಪಿಲ್ಲ. ಬೇರೆ ಹಬ್ಬಗಳಿಗೆ ಜಾಸ್ತಿ ನೋಡುವುದು ಸೂರ್ಯ ಹುಟ್ಟುವಾಗ ಯಾವ ತಿಥಿ ಇತ್ತು ಅಂತ. ಸಂಕಷ್ಟಿಗೆ ನೋಡುವುದು ಚಂದ್ರ ಹುಟ್ಟುವಾಗ ಚೌತಿ ಇದೆಯಾ ಅಂತ. ಮಧ್ಯಾಹ್ನ 3 ಗಂಟೆಗೆ ತದಿಗೆ ಮುಗಿದು ಚೌತಿ ಹಿಡಿಯಿತು ಅಂದುಕೊಳ್ಳಿ. ರಾತ್ರಿ ಚಂದ್ರ ಬರುವಾಗ ಚೌತಿ ಇರುತ್ತದೆ. ಹಾಗಾಗಿ ಅವತ್ತೇ ಸಂಕಷ್ಟಿ. ಮಾರನೇ ದಿನ ಬೆಳಿಗ್ಗೆ ಎದ್ದಾಗಲೂ ಚೌತಿಯೇ ಇರುತ್ತದೆ, ಆದರೆ ರಾತ್ರಿ ಚಂದ್ರ ಬರುವ ಹೊತ್ತಿಗೆ ಪಂಚಮಿ ಬಂದಿರುತ್ತದೆ. ಅಪರೂಪಕ್ಕೆ ಎರಡು ರಾತ್ರಿಯೂ ಚಂದ್ರೋದಯಕ್ಕೆ ಚೌತಿ ಸಿಕ್ಕಿಬಿಡುತ್ತದೆ. ಆಗ ತದಿಗೆ ಜೊತೆ ಸೇರಿದ ಮೊದಲ ದಿನವನ್ನೇ ಹಿಡಿಯುವುದು ರೂಢಿ. ತದಿಗೆ ಗೌರಿಯ ತಿಥಿ. ಅಮ್ಮನ ಕೈ ಹಿಡಿದುಕೊಂಡ ಚೌತಿ ಮಗನಿಗೆ ಇಷ್ಟ ಅಂತ ಹಿರಿಯರು ಹೇಳುತ್ತಾರೆ. ಗೌರಿ ಹಬ್ಬದ ಮಾರನೇ ದಿನ ಗಣೇಶನ ಹಬ್ಬ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಚಂದ್ರೋದಯದ ಹೊತ್ತು ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವಾಗ ಚಂದ್ರ ಎದುರಿಗೆ ಎದ್ದಿರುತ್ತಾನೆ. ಚೌತಿಯ ಹೊತ್ತಿಗೆ ಎರಡೂವರೆ ಮೂರು ಗಂಟೆ ತಡವಾಗಿರುತ್ತದೆ. ಅದಕ್ಕೇ ನಮ್ಮ ಕಡೆ ಸಂಕಷ್ಟಿಯ ಚಂದ್ರ ವರ್ಷದ ಬೇರೆಬೇರೆ ತಿಂಗಳಲ್ಲಿ ರಾತ್ರಿ 8ರಿಂದ 10ರ ನಡುವೆ ಬರುತ್ತಾನೆ. ಊರಿಂದ ಊರಿಗೂ ವ್ಯತ್ಯಾಸ ಇದೆ. ಬೆಂಗಳೂರಿನಲ್ಲಿ ಚಂದ್ರ ಕಂಡು ಸುಮಾರು 10 ನಿಮಿಷ ಕಳೆದ ಮೇಲೆ ಮಂಗಳೂರಿನವರಿಗೆ ಚಂದ್ರೋದಯ. ಅದೂ ಲೆಕ್ಕದ ಚಂದ್ರೋದಯ. ಕರಾವಳಿಯವರಿಗೆ ಪೂರ್ವಕ್ಕೆ ಘಟ್ಟ ಅಡ್ಡ ನಿಂತಿರುತ್ತದೆ. ಪಂಚಾಂಗದಲ್ಲಿ ಚಂದ್ರ ಬಂದಾದ ಮೇಲೂ ಘಟ್ಟ ಹತ್ತಿ ಮೇಲೆ ಬರಲು ಅವನಿಗೆ ಇನ್ನಷ್ಟು ಹೊತ್ತು ಬೇಕು. ಆದ್ದರಿಂದ ಬೇರೆ ಊರಿನವರು ಫೋನಿಗೆ ಕಳಿಸಿದ ಸಮಯ ನೋಡಿ ಊಟಕ್ಕೆ ಕೂರಬೇಡಿ. ನಿಮ್ಮ ಊರಿನ ಸಮಯ ನೋಡಿ. ಅದಕ್ಕಿಂತ ಒಳ್ಳೆಯದು, ಮಾಳಿಗೆ ಹತ್ತಿ ನೋಡಿ.

ನನಗೆ ಸಂಕಷ್ಟಿ ಕಲಿಸಿದವರು ನಮ್ಮ ಅತ್ತೆ. ಮದುವೆಯಾಗಿ ಹೋದದ್ದು ಸಾಗರದ ಕಡೆಯ ಹಳ್ಳಿಗೆ. ಮಲೆನಾಡಿನ ಆಷಾಢ, ಶ್ರಾವಣ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಆಕಾಶವೇ ಕಾಣುವುದಿಲ್ಲ, ಇನ್ನು ಚಂದ್ರ ಎಲ್ಲಿಂದ ಕಾಣಬೇಕು? ಮೊದಲ ವರ್ಷ ಆಷಾಢದ ಸಂಕಷ್ಟಿ. ಹೊಡೆತದ ಮಳೆ. ಕರೆಂಟಿಲ್ಲ. ನನಗೋ ಹೊಟ್ಟೆ ಹಸಿದು ಕಣ್ಣು ಕತ್ತಲೆ. ಪಂಚಾಂಗದ ಸಮಯ ದಾಟಿ ಅರ್ಧ ಗಂಟೆಯಾದರೂ ಅತ್ತೆ ಜಗಲಿಯ ಕಂಬಕ್ಕೆ ಒರಗಿ ಸುಮ್ನೆ ಕೂತಿದ್ದರು. ನಾನು ಎರಡು ಸಲ ಎದ್ದು ಹೋಗಿ ನೋಡಿ ಬಂದೆ. "ಬರ್ತಾನೆ ಬಿಡೇ, ಎಲ್ಲಿಗೆ ಹೋಗ್ತಾನೆ" ಅಂದರು. ಇನ್ನೂ ಸ್ವಲ್ಪ ಹೊತ್ತು ನೋಡಿ, ಮೋಡ ಬಿಡುವ ಹಾಗಿಲ್ಲ ಅಂತ ಗೊತ್ತಾದ ಮೇಲೆ ಎದ್ದರು. ಒಂದು ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರವಿದರು. ಬೆರಳಿನಲ್ಲಿ ದುಂಡಗೆ ಒಂದು ಗೆರೆ ಎಳೆದರು. ಅದರ ಮಧ್ಯೆ ಗಂಧದ ಬೊಟ್ಟಿಟ್ಟರು. ಪೂರ್ವಕ್ಕೆ ತಿರುಗಿ ಅದಕ್ಕೇ ಅರ್ಘ್ಯ ಬಿಟ್ಟರು. ಆಮೇಲೆ ಆ ಅಕ್ಕಿಯನ್ನು ಬಾಚಿ ಮಾರನೇ ದಿನದ ಅನ್ನದ ಅಕ್ಕಿಗೆ ಸೇರಿಸಿದರು. ಮೋಡ ಮುಚ್ಚಿದ ರಾತ್ರಿ ಏನು ಮಾಡುವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು. ಸ್ವಲ್ಪ ಹೊತ್ತು ನಿಜವಾಗಿಯೂ ಕಾಯಿರಿ. ಆಮೇಲೆ ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ ಕೊಡಿ. ವ್ರತ ಭಂಗವಾಗುವುದಿಲ್ಲ.

ಬೆಳಿಗ್ಗೆಯಿಂದ ಮಾಡುವುದು ತುಂಬಾ ಇಲ್ಲ. ಸ್ನಾನ, ದೇವರಿಗೆ ದೀಪ, ಆಮೇಲೆ ಸಂಕಲ್ಪ. ಸಂಸ್ಕೃತ ಬರದಿದ್ದರೆ ಕನ್ನಡದಲ್ಲೇ ಹೇಳಿಕೊಳ್ಳಿ: ಇವತ್ತು ಚಂದ್ರ ದರ್ಶನದ ತನಕ ಉಪವಾಸ ಇರುತ್ತೇನೆ, ನಡೆಸಿಕೊಡಪ್ಪ. ಅಷ್ಟು ಸಾಕು. ಹಗಲು ನಮ್ಮ ಕೆಲಸ ನಮಗೆ. ಆಫೀಸಿಗೆ ಹೋಗುವವರು ಹೋಗಲಿ, ಗದ್ದೆಗೆ ಹೋಗುವವರು ಹೋಗಲಿ. ಸಂಜೆ ಮತ್ತೆ ಕೈಕಾಲು ತೊಳೆದು ಪೂಜೆಗೆ ಕೂರುವುದು. ಈ ಪೂಜೆ ಸಂಜೆಯದ್ದು ಅನ್ನುವುದು ದುಡಿಯುವವರಿಗೆ ದೊಡ್ಡ ಅನುಕೂಲ. ನಮ್ಮ ಬೀದಿಯಲ್ಲಿ ಹೂ ಮಾರುವ ಅಕ್ಕನೂ ಸಂಕಷ್ಟಿ ಮಾಡುತ್ತಾರೆ, ಬುಟ್ಟಿ ಖಾಲಿಯಾದ ಮೇಲೆ ಸೀದಾ ಇಲ್ಲಿಗೆ ಬರುತ್ತಾರೆ.

ತಿನ್ನುವ ವಿಷಯ. ಕೆಲವರು ನೀರೂ ಮುಟ್ಟದೆ ನಿಟ್ಟುಪವಾಸ ಇರುತ್ತಾರೆ. ಕೆಲವರು ಹಾಲು, ಹಣ್ಣು ತಗೊಳ್ಳುತ್ತಾರೆ. ಹಳೇ ಮೈಸೂರು ಕಡೆ ಫಲಾಹಾರ ಅಂದರೆ ಹಣ್ಣಷ್ಟೇ ಅಲ್ಲ, ಅವಲಕ್ಕಿ, ಉಪ್ಪಿಟ್ಟೂ ಅದರಲ್ಲಿ ಸೇರಿಹೋಗಿದೆ. ಬೆಳಗಾವಿ, ಧಾರವಾಡದ ಕಡೆ ಸಾಬೂದಾಣಿ ಖಿಚಡಿ, ಶೇಂಗಾ. ಯಾವುದು ಸರಿ ಅಂತ ಜಗಳಕ್ಕೆ ಬೀಳಬೇಡಿ. ನಿಮ್ಮ ಮನೆಯಲ್ಲಿ ನಡೆದು ಬಂದದ್ದು ನಿಮಗೆ ಸರಿ. ಏನೂ ನಡೆದು ಬಂದಿಲ್ಲ ಅಂದರೆ ಹಣ್ಣು ಹಾಲಿನಿಂದ ಶುರು ಮಾಡಿ.

ಇದರ ಜೊತೆಗೇ ಒಂದು ಮಾತು ಹೇಳಲೇಬೇಕು. ನಮ್ಮ ತಾಯಿಗೆ ಸಕ್ಕರೆ ಕಾಯಿಲೆ ಬಂದ ಮೇಲೂ ಅವರು ಹಳೇ ರೀತಿಯಲ್ಲೇ ಉಪವಾಸ ಮುಂದುವರಿಸಿದರು. ನಮಗೆ ಹೇಳಲಿಲ್ಲ. ಒಂದು ಸಂಕಷ್ಟಿ ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ಏನೂ ತಿಂದಿಲ್ಲ. ಸಂಜೆ ಪೂಜೆಗೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಮೈಯೆಲ್ಲ ತಣ್ಣನೆ ಬೆವರು. ನಮ್ಮ ಪುಣ್ಯ, ಹತ್ತಿರ ಜನ ಇದ್ದರು, ಬೆಲ್ಲದ ನೀರು ಕುಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬೈಯಲಿಲ್ಲ. "ದೇವರ ಪೂಜೆ ಬಿಡಿ ಅಂತ ನಾನು ಹೇಳಲ್ಲಮ್ಮ, ಹಸಿದ ಹೊಟ್ಟೆಗೆ ಮಾತ್ರೆ ಮಾತ್ರ ಬೇಡ" ಅಂದರು. ಅಲ್ಲಿಂದ ಮುಂದೆ ಅಮ್ಮ ಸಂಕಷ್ಟಿ ದಿನವೂ ಹೊತ್ತಿಗೆ ಸರಿಯಾಗಿ ತಿಂದರು, ಮಾತ್ರೆ ತಗೊಂಡರು. ಆದರೆ ಪೂಜೆ ಬಿಡಲಿಲ್ಲ, ಚಂದ್ರನಿಗೆ ಕಾಯುವುದು ಬಿಡಲಿಲ್ಲ. ಕೊನೆಯ ತನಕ ಅರ್ಘ್ಯ ಕೊಟ್ಟರು. ಅವರ ವ್ರತ ಅರ್ಧ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಮಗುವಿಗೆ ಹಾಲು ಕೊಡುವವರು, ವಯಸ್ಸಾದವರು, ದಯವಿಟ್ಟು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬೇಡಿ. ಮನೆಯವರಿಂದ ಮುಚ್ಚಿಡಬೇಡಿ.

ಪೂಜೆಯಲ್ಲಿ ಗರಿಕೆ ಮುಖ್ಯ. ಅನಲಾಸುರ ಅನ್ನುವ ಬೆಂಕಿಯ ರಾಕ್ಷಸನನ್ನು ಗಣಪತಿ ನುಂಗಿಬಿಟ್ಟ, ಹೊಟ್ಟೆಯ ಉರಿ ಏನು ಮಾಡಿದರೂ ಇಳಿಯಲಿಲ್ಲ, ಕೊನೆಗೆ ಋಷಿಗಳು 21 ಗರಿಕೆ ಇಟ್ಟಾಗ ತಂಪಾಯಿತು ಅಂತ ಕಥೆ. ನನಗೆ ಗರಿಕೆ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಕೊಳ್ಳಬೇಕಾಗಿಲ್ಲ. ತುಳಿದುಕೊಂಡು ಓಡಾಡುವ ಹುಲ್ಲು. ಈಗ ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ, ಕೊಳ್ಳುವುದು ತಪ್ಪಲ್ಲ. ಆದರೂ ಒಂದು ಸಲ ಕೈಯಾರೆ ಬಿಡಿಸಿ ನೋಡಿ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೋಗಬೇಕು. ಬಲಿತ ಕಡ್ಡಿ ಬೇಡ, ಎಳೆಯ ಕುಡಿ ಬೇಕು. ತುದಿಯಲ್ಲಿ ಮೂರು ಎಸಳು ಬಿಚ್ಚಿಕೊಂಡಿರುತ್ತದೆ, ಮಧ್ಯದ್ದು ನೆಟ್ಟಗೆ, ಪಕ್ಕದವು ಎರಡು ಸ್ವಲ್ಪ ಬಾಗಿ. ಅಂಥದ್ದನ್ನೇ ಹುಡುಕಿ ಉಗುರಿನಿಂದ ಚಿವುಟಬೇಕು. ನೀರಲ್ಲಿ ಎರಡು ಸಲ ಜಾಲಿಸಬೇಕು, ಮಣ್ಣು ಬುಡದಲ್ಲಿ ಅಂಟಿರುತ್ತದೆ. 21 ಎಣಿಸಿ ಜೋಡಿಸಿ, ಒಂದು ಉದ್ದನೆಯ ಗರಿಕೆಯಿಂದಲೇ ಸುತ್ತಿ ಕಟ್ಟಬೇಕು. 21 ಎಣಿಸುವಷ್ಟರಲ್ಲಿ ಬೇರೆ ಯೋಚನೆ ಬಂದರೆ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ನನ್ನ ಮಟ್ಟಿಗೆ ಪೂಜೆ ಶುರುವಾಗುವುದು ಅಲ್ಲಿಂದಲೇ.

ಗರಿಕೆಯ ಜೊತೆ ಕೆಂಪು ದಾಸವಾಳ, ಎಕ್ಕದ ಹೂ. ತುಳಸಿ ಏರಿಸುವ ಪದ್ಧತಿ ಇಲ್ಲ. ನೈವೇದ್ಯಕ್ಕೆ ಮೋದಕ, ಕಡುಬು, ಪಂಚಕಜ್ಜಾಯ, ಕೈಲಾದದ್ದು. ಓದುವುದಕ್ಕೆ ಸಂಕಷ್ಟನಾಶನ ಸ್ತೋತ್ರ ಇದೆ. ಪ್ರಣಮ್ಯ ಶಿರಸಾ ದೇವಂ ಗೌರೀಪುತ್ರಂ ವಿನಾಯಕಂ ಅಂತ ಶುರುವಾಗುತ್ತದಲ್ಲ, ಅದೇ. ವಕ್ರತುಂಡನಿಂದ ಗಜಾನನನ ತನಕ 12 ಹೆಸರು, ಮಕ್ಕಳಿಗೂ ಎರಡು ದಿನದಲ್ಲಿ ಬಾಯಿಗೆ ಬರುತ್ತದೆ. ಗಣಪತಿ ಅಥರ್ವಶೀರ್ಷ ಗೊತ್ತಿದ್ದವರು ಅದನ್ನು ಹೇಳುತ್ತಾರೆ. ಅದರ ಕೊನೆಯ ಭಾಗದಲ್ಲಿ ಒಂದು ಮಾತು ಬರುತ್ತದೆ: ಚತುರ್ಥ್ಯಾಮನಶ್ನನ್ ಜಪತಿ ಸ ವಿದ್ಯಾವಾನ್ ಭವತಿ. ಚೌತಿಯ ದಿನ ಉಣ್ಣದೆ ಇದನ್ನು ಜಪಿಸುವವನು ವಿದ್ಯಾವಂತನಾಗುತ್ತಾನೆ ಅಂತ. ನಾವು ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ಕೈಲಿ ಸಂಕಷ್ಟಿ ಮಾಡಿಸುತ್ತೇವಲ್ಲ, ಆ ನಂಬಿಕೆಗೆ ಬೇರು ಇಲ್ಲಿದೆ. ಅದೇ ಕಡೆ ಗರಿಕೆಯಿಂದ ಪೂಜಿಸುವವನ ಮಾತೂ ಇದೆ, ಸಾವಿರ ಮೋದಕದ ಮಾತೂ ಇದೆ.

ಈಗ ಚಂದ್ರನ ವಿಷಯಕ್ಕೆ ಬರುತ್ತೇನೆ. ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದು ಇದನ್ನೇ.

ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರುವ ಕಥೆ ಒಂದು. ಗಣಪ ಹೊಟ್ಟೆ ತುಂಬಾ ಕಡುಬು ತಿಂದು ಇಲಿಯ ಮೇಲೆ ಹೋಗುತ್ತಿದ್ದ. ಹಾವು ಅಡ್ಡ ಬಂತು, ಇಲಿ ಬೆದರಿತು, ಗಣಪ ಬಿದ್ದ. ಹೊಟ್ಟೆ ಒಡೆಯಿತು. ಆ ಹಾವನ್ನೇ ಸೊಂಟಕ್ಕೆ ಬಿಗಿದುಕೊಂಡ. ಮೇಲಿನಿಂದ ಚಂದ್ರ ನಕ್ಕ. ಗಣಪನಿಗೆ ಸಿಟ್ಟು ಬಂತು, ನಿನ್ನನ್ನು ನೋಡಿದವರಿಗೆ ಅಪವಾದ ಬರಲಿ ಅಂತ ಶಾಪ ಕೊಟ್ಟ. ಅದಕ್ಕೇ ಭಾದ್ರಪದದ ಶುದ್ಧ ಚೌತಿಯಂದು ನಾವು ಚಂದ್ರನನ್ನು ನೋಡುವುದಿಲ್ಲ. ಕೃಷ್ಣನೇ ನೋಡಿ ಶಮಂತಕ ಮಣಿ ಕದ್ದ ಅನ್ನುವ ಮಾತು ಹೊತ್ತುಕೊಂಡ. ತಪ್ಪಿ ಕಣ್ಣಿಗೆ ಬಿದ್ದರೆ ಸಿಂಹಃ ಪ್ರಸೇನಮವಧೀತ್ ಶ್ಲೋಕ ಹೇಳಿಕೊಳ್ಳುತ್ತೇವೆ. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ತುಂಬಾ ಮನೆಗಳಲ್ಲಿ ಕಥೆ ಇಲ್ಲಿಗೇ ನಿಂತುಬಿಡುತ್ತದೆ. ಶಾಪದಲ್ಲೇ ನಿಲ್ಲುತ್ತದೆ. ಮುಂದೆ ಇದೆ. ಚಂದ್ರ ನಾಚಿಕೆಯಿಂದ ಕಳೆಗುಂದಿ ಅವಿತುಕೊಂಡ. ಬೆಳದಿಂಗಳೇ ಇಲ್ಲದಾಯಿತು. ದೇವತೆಗಳು ಬಂದು ಬೇಡಿಕೊಂಡರು. ಚಂದ್ರನೂ ತಪ್ಪೊಪ್ಪಿ ತಪಸ್ಸು ಮಾಡಿದ. ಗಣಪತಿ ಕರಗಿದ. ಶಾಪವನ್ನು ವರ್ಷದ ಒಂದೇ ಒಂದು ದಿನಕ್ಕೆ ಇಳಿಸಿದ. ಅಷ್ಟೇ ಮಾಡಿ ಬಿಡಲಿಲ್ಲ. ಬಹುಳ ಚೌತಿಯ ರಾತ್ರಿ ನನ್ನ ಪೂಜೆ ಮಾಡಿದವರು ನಿನ್ನನ್ನು ನೋಡಿ, ನಿನಗೆ ಅರ್ಘ್ಯ ಕೊಟ್ಟ ಮೇಲೇ ಊಟ ಮಾಡಬೇಕು ಅಂತ ವರ ಕೊಟ್ಟ. ಚಂದ್ರನ ಒಂದು ತುಣುಕನ್ನು ತನ್ನ ಹಣೆಯಲ್ಲಿ ಇಟ್ಟುಕೊಂಡ. ಭಾಲಚಂದ್ರ ಅನ್ನುವ ಹೆಸರು ಹಾಗೆ ಬಂತು ಅನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ನೋಡಬಾರದ ದಿನ ವರ್ಷಕ್ಕೆ ಒಂದು. ನೋಡಲೇಬೇಕಾದ ದಿನ ವರ್ಷಕ್ಕೆ ಹನ್ನೆರಡು. ನಾವು ಮಕ್ಕಳಿಗೆ ಹೆದರಿಸಿ ಹೇಳುವುದು ಆ ಒಂದನ್ನು. ನನಗೆ ಇದು ಮನಸ್ಸಿಗೆ ತುಂಬಾ ಬೇಜಾರು ಮಾಡುತ್ತದೆ. ಗಣಪ ಮುನಿದ ಕಥೆ ಮನೆಮನೆಯಲ್ಲೂ ಉಳಿದಿದೆ, ಮುನಿಸು ಮರೆತು ಹತ್ತಿರ ಕರೆದ ಕಥೆ ತಪ್ಪಿಹೋಗುತ್ತಿದೆ.

ಆ ಎರಡು ಚಂದ್ರರೂ ನೋಡಲು ಬೇರೆಬೇರೆ. ಭಾದ್ರಪದ ಚೌತಿಯ ಚಂದ್ರ ಪಶ್ಚಿಮದಲ್ಲಿ ಕಾಣುತ್ತಾನೆ, ತೆಳ್ಳಗೆ ಕುಡುಗೋಲಿನ ಹಾಗೆ. ಸೂರ್ಯನ ಹಿಂದೆಯೇ ಇಳಿದು ಒಂಬತ್ತರ ಆಸುಪಾಸಿಗೆ ಮುಳುಗುತ್ತಾನೆ. ಸಂಕಷ್ಟಿಯ ಚಂದ್ರ ಪೂರ್ವದಲ್ಲಿ, ಕತ್ತಲಾದ ಮೇಲೆ, ದೊಡ್ಡದಾಗಿ ಏಳುತ್ತಾನೆ. ಹತ್ತರಲ್ಲಿ ಎಂಟೊಂಬತ್ತು ಪಾಲು ತುಂಬಿರುತ್ತಾನೆ. ಇವತ್ತು ಗಮನ ಇಟ್ಟು ನೋಡಿ. ಏಳುವಾಗ ಅರಿಶಿನದ ಬಣ್ಣ ಇರುತ್ತದೆ, ಕೆಳಗಿನ ಅಂಚು ದುಂಡಗೆ ಸ್ಪಷ್ಟವಾಗಿ ಇರುತ್ತದೆ, ನೆತ್ತಿಯ ಕಡೆ ಸ್ವಲ್ಪ ಕರಗಿದ ಹಾಗೆ ಕಾಣುತ್ತದೆ. ಹುಣ್ಣಿಮೆ ಕಳೆದು ಸವೆಯಲು ಶುರುವಾದ ಚಂದ್ರ ಅವನು. ತುಂಬಿದ ಚಂದ್ರನಿಗಲ್ಲ, ಸವೆಯುತ್ತಿರುವ ಚಂದ್ರನಿಗೆ ನಾವು ಅರ್ಘ್ಯ ಕೊಡುವುದು. ಕಷ್ಟ ಕಳೆಯಪ್ಪ ಅಂತ ಬೇಡುವ ದಿನಕ್ಕೆ ಅಂಥ ಚಂದ್ರನೇ ಸಿಕ್ಕಿರುವುದು ನನಗೆ ಯಾವಾಗಲೂ ಮನಸ್ಸಿಗೆ ತಟ್ಟುತ್ತದೆ.

ಅರ್ಘ್ಯ ಕೊಡುವಾಗ ಹೇಳುವ ಶ್ಲೋಕ ಹೀಗಿದೆ. ನಿಧಾನವಾಗಿ ಹೇಳುತ್ತೇನೆ, ಹೊಸಬರು ಜೊತೆಗೆ ಹೇಳಿ.

ಗಗನಾರ್ಣವ ಮಾಣಿಕ್ಯ ಚಂದ್ರ ದಾಕ್ಷಾಯಣೀಪತೇ
ಗೃಹಾಣಾರ್ಘ್ಯಂ ಮಯಾ ದತ್ತಂ ಗಣೇಶಪ್ರತಿರೂಪಕ

ಆಕಾಶ ಅನ್ನುವ ಕಡಲಿನ ಮಾಣಿಕ್ಯವೇ, ದಕ್ಷನ ಹೆಣ್ಣುಮಕ್ಕಳ ಗಂಡನೇ, ಚಂದ್ರನೇ, ನಾನು ಕೊಟ್ಟ ಅರ್ಘ್ಯ ತಗೋ. ಕೊನೆಯ ಪದ ನೋಡಿ, ಗಣೇಶಪ್ರತಿರೂಪಕ. ಗಣೇಶನ ರೂಪವೇ ಆಗಿರುವವನೇ! ಯಾರನ್ನು ಹೀಗೆ ಕರೆಯುತ್ತಿದ್ದೇವೆ? ಗಣಪನನ್ನು ನೋಡಿ ನಕ್ಕವನನ್ನು. ಶಾಪ ತಿಂದವನನ್ನು. ಆ ಶ್ಲೋಕ ಬಾಯಿಪಾಠ ಇದ್ದೂ ಎಷ್ಟೋ ವರ್ಷ ನಾನು ಇದನ್ನು ಗಮನಿಸಿರಲಿಲ್ಲ. ಒಂದು ರಾತ್ರಿ ಕೈಯಲ್ಲಿ ನೀರು ಹಿಡಿದು ನಿಂತಿದ್ದಾಗ ಸಡನ್ನಾಗಿ ಅರ್ಥ ಹೊಳೆಯಿತು. ಆ ದಿನಗಳಲ್ಲಿ ನಾನು ಹತ್ತಿರದ ನೆಂಟರೊಬ್ಬರ ಜೊತೆ ಮಾತು ಬಿಟ್ಟಿದ್ದೆ. ನಾಲ್ಕು ಜನರ ಎದುರಿಗೆ ನನ್ನನ್ನು ಆಡಿಕೊಂಡು ನಕ್ಕಿದ್ದರು ಅನ್ನುವುದೇ ಕಾರಣ. ನೀರು ಬಿಟ್ಟು ಕೆಳಗೆ ಬಂದೆ. ಊಟಕ್ಕೆ ಕೂರುವ ಮೊದಲು ಅವರಿಗೆ ಫೋನ್ ಮಾಡಿದೆ. ಮಾತು ಜಾಸ್ತಿ ಆಗಲಿಲ್ಲ. ಊಟ ಆಯ್ತಾ ಅಂತ ಕೇಳಿದರು. ಇವತ್ತು ಸಂಕಷ್ಟಿ, ಈಗ ಕೂರ್ತಿದ್ದೀನಿ ಅಂದೆ.

ಕ್ರಮ ಹೇಳುತ್ತೇನೆ, ಇನ್ನು ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ. ಒಂದು ತಾಮ್ರದ ಚೊಂಬಿನಲ್ಲಿ ನೀರು. ಅದಕ್ಕೆ ಸ್ವಲ್ಪ ಹಾಲು, ಗಂಧ, ಅಕ್ಷತೆ, ಕೆಂಪು ಹೂವಿನ ಎಸಳು. ಕೆಳಗೊಂದು ತಟ್ಟೆ. ಉದ್ಧರಣೆಯಿಂದ, ಅಂದರೆ ಪೂಜೆಯ ಪುಟ್ಟ ಚಮಚದಿಂದ, ಬೊಗಸೆಗೆ ನೀರು ಹಾಕಿಕೊಂಡು, ಚಂದ್ರನನ್ನು ನೋಡುತ್ತಾ, ಬೆರಳ ತುದಿಯಿಂದ ತಟ್ಟೆಗೆ ಬಿಡುವುದು. ಚಂದ್ರನಿಗಷ್ಟೇ ಅಲ್ಲ, ಗಣಪತಿಗೂ ಅರ್ಘ್ಯ ಇದೆ, ಚತುರ್ಥೀ ತಿಥಿಗೂ ಇದೆ. ಆ ತಿಥಿಯನ್ನು ತಿಥೀನಾಮುತ್ತಮೇ ದೇವಿ ಅಂತ ತಾಯಿಯ ಹಾಗೆ ಕರೆಯುತ್ತಾರೆ. ಒಂದು ದಿನವನ್ನೇ ದೇವಿ ಅಂತ ಕರೆದು ನೀರು ಕೊಡುವುದು, ಎಷ್ಟು ಚೆಂದ. ಯಾರಿಗೆ ಎಷ್ಟು ಸಲ ಅನ್ನುವುದು ಮನೆಯಿಂದ ಮನೆಗೆ ಬೇರೆ. ತಟ್ಟೆಯ ನೀರನ್ನು ಗಿಡದ ಬುಡಕ್ಕೆ ಹಾಕಿ, ಕಾಲು ತಗಲುವ ಕಡೆ ಚೆಲ್ಲಬೇಡಿ. ಇಲ್ಲಿಯ ಮಾಳಿಗೆಯಲ್ಲಿ ಅದಕ್ಕೆ ಬಕೆಟ್ ಇಟ್ಟಿದ್ದಾರೆ.

ಇನ್ನು ಅಂಗಾರಕ ಸಂಕಷ್ಟಿ. ಮಂಗಳವಾರ ಬಂದರೆ ಅದಕ್ಕೆ ಆ ಹೆಸರು, ವರ್ಷಕ್ಕೆ ಸಾಮಾನ್ಯವಾಗಿ ಒಂದೋ ಎರಡೋ. ಭೂಮಿಯ ಮಗ ಅಂಗಾರಕ ತಪಸ್ಸು ಮಾಡಿದಾಗ ಗಣಪತಿ ಚೌತಿಯಂದು ದರ್ಶನ ಕೊಟ್ಟು, ಮಂಗಳವಾರದ ಚೌತಿ ನಿನ್ನ ಹೆಸರಲ್ಲಿ ನಡೆಯಲಿ ಅಂದನಂತೆ. ಅವತ್ತು ಒಂದು ಮಾಡಿದರೆ ವರ್ಷದ್ದೆಲ್ಲ ಮಾಡಿದ ಫಲ ಅಂತ ನಂಬಿಕೆ. ದೇವಸ್ಥಾನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾಡಿ, ಖಂಡಿತ ಮಾಡಿ. ತುಂಬಾ ಜನ ವ್ರತ ಹಿಡಿಯುವುದೂ ಆ ದಿನವೇ. 21 ಸಂಕಷ್ಟಿ ಅಂತ ಹರಕೆ ಹೊರುವವರೂ ಇದ್ದಾರೆ. ಆದರೆ ನನಗೆ ಬುಧವಾರದ, ಗುರುವಾರದ, ಯಾರೂ ಗಲಾಟೆ ಮಾಡದ ಸಂಕಷ್ಟಿಯೂ ಅಷ್ಟೇ ದೊಡ್ಡದು.

ಪ್ರತಿ ತಿಂಗಳ ಗಣಪನಿಗೂ ಒಂದೊಂದು ಹೆಸರಿದೆ. ನಮ್ಮ ಚೈತ್ರದಲ್ಲಿ ವಿಕಟ, ವೈಶಾಖದಲ್ಲಿ ಏಕದಂತ, ಹೀಗೆ ಸಾಗಿ ಫಾಲ್ಗುಣದಲ್ಲಿ ಭಾಲಚಂದ್ರ. ಅಧಿಕ ಮಾಸ ಬಂದ ವರ್ಷ ಹದಿಮೂರನೆಯ ಸಂಕಷ್ಟಿ ಬರುತ್ತದೆ, ಆ ಗಣಪ ವಿಭುವನ. 2023ರಲ್ಲಿ ಶ್ರಾವಣ ಅಧಿಕವಾಗಿತ್ತು. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ದಿನ ಒಂದೇ ಆದರೂ ತಿಂಗಳ ಹೆಸರು ಬೇರೆ. ನಮ್ಮ ಆಶ್ವಯುಜದ ಸಂಕಷ್ಟಿ ಅವರಿಗೆ ಕಾರ್ತಿಕದ ಚೌತಿ, ಅದೇ ಕರ್ವಾ ಚೌತ್. ಆ ರಾತ್ರಿ ಉತ್ತರದ ಹೆಣ್ಣುಮಕ್ಕಳು ಮಾಳಿಗೆಯಲ್ಲಿ ಚಂದ್ರನಿಗೆ ಕಾಯುವಾಗ ನಾವೂ ಕಾಯುತ್ತಿರುತ್ತೇವೆ, ಅದೇ ಚಂದ್ರನಿಗೆ. ನಮ್ಮ ಪಕ್ಕದ ಮನೆಗೆ ರಾಜಸ್ಥಾನದ ಕುಟುಂಬ ಬಂದ ಮೇಲೆ ನನಗೆ ಇದು ಗೊತ್ತಾದದ್ದು. ಆ ಹುಡುಗಿ ಜರಡಿ ಹಿಡಿದು ನಿಂತಿದ್ದಳು, ನಾನು ಚೊಂಬು ಹಿಡಿದು ನಿಂತಿದ್ದೆ. ಮಧ್ಯೆ ಒಂದು ಮೋಟುಗೋಡೆ.

ಊರೂರಿಗೆ ಹೋಗುವಾಗ ಸಂಕಷ್ಟಿ ಬಂದರೆ ಯೋಚನೆ ಮಾಡಬೇಡಿ. ಉಡುಪಿ ಕಡೆ ಹೋದರೆ ಕುಂಭಾಶಿಯ ಆನೆಗುಡ್ಡೆ ಗಣಪತಿ ದೇವಸ್ಥಾನ ಇದೆ. ಹೊನ್ನಾವರದ ಕಡೆ ಇಡಗುಂಜಿ. ಅಲ್ಲಿಯ ಗಣಪತಿಗೆ ಎರಡೇ ಕೈ, ಬಾಲಕನ ಹಾಗೆ ನಿಂತಿದ್ದಾನೆ. ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಗರ್ಭಗುಡಿಯೇ ಇಲ್ಲ, ದೇವರು ಬಯಲಲ್ಲೇ ಕೂತಿದ್ದಾನೆ. ಸುತ್ತ ಹರಕೆಯ ಗಂಟೆಗಳು, ಪ್ರಸಾದಕ್ಕೆ ಅವಲಕ್ಕಿ ಪಂಚಕಜ್ಜಾಯ. ಒಂದು ಸಂಜೆ ಅಲ್ಲಿ ನಿಂತಿದ್ದಾಗ, ಇವನೊಬ್ಬನಿಗೆ ಮಾತ್ರ ಚಂದ್ರೋದಯ ಕೂತಲ್ಲಿಂದಲೇ ಕಾಣುತ್ತದಲ್ಲ ಅಂತ ನನಗೆ ಅನ್ನಿಸಿತ್ತು.

ಇನ್ನೂ ಒಂದೆರಡು ಹೇಳಬೇಕಿತ್ತು. ಉದ್ಯಾಪನೆಯ, ಅಂದರೆ ಹಿಡಿದ ವ್ರತ ಮುಗಿಸುವ ಪೂಜೆಯ, ವಿಷಯ ಕೇಳಿದ್ದರು ಯಾರೋ. ಏನು ಮಗಾ? ಕಾಣ್ತಾ? ಪೂರ್ತಿ ಬಂತಾ, ಇಲ್ಲ ಬೆಳಕು ಮಾತ್ರನಾ?

ಬಂತಂತೆ. ನೀರಿನ ಟ್ಯಾಂಕಿನ ಪಕ್ಕ ಕಾಣುತ್ತಿದೆಯಂತೆ. ಉದ್ಯಾಪನೆ ಮುಂದಿನ ಸಂಕಷ್ಟಿಗೆ ಹೇಳುತ್ತೇನೆ. ಮೆಟ್ಟಿಲು ಇಕ್ಕಟ್ಟಾಗಿದೆ, ವಯಸ್ಸಾದವರನ್ನು ಮೊದಲು ಹತ್ತಿಸಿ. ಮೊದಲ ಸಲ ಮಾಡುತ್ತಿರುವ ಆ ಹುಡುಗಿ ಎಲ್ಲಿ? ಬಾಮ್ಮ, ಈ ಚೊಂಬು ನೀನು ಹಿಡ್ಕೋ.